ರಿಂಗಿನೊಳಗೆ ಮೂರನೆಯ ಜೋಡಿ ಕಾಲು

ಆಮ್ರಪಾಲಿ ಕುಳಿತು ಉಂಡದ್ದನ್ನು ಮನೆಯವರು ನೋಡಿದ್ದು ಕಡಿಮೆ. ತಾಟು ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ತಲೆಬಾಗಿಲಿಗೆ ಅಡ್ಡಾಡುತ್ತಲೇ ರೊಟ್ಟಿ ಮುಗಿಸುವಳು. ಹಲ್ಲುಜ್ಜುವಾಗಲೂ ಹಾಗೆ, ಫೋನಿನಲ್ಲಿ ಮಾತಾಡುವಾಗಲೂ ಹಾಗೆ.

"ಒಂದ ಕಡೆ ಕುಂಡ್ರ ನಮ್ಮವ್ವ. ನಿನ್ನ ನೋಡಿ ನನಗ ತಲಿ ತಿರಗತೈತಿ," ಎನ್ನುವಳು ತಾಯಿ ಸತ್ಯವ್ವ.

"ನೀ ನೋಡಬ್ಯಾಡ ಬೇ," ಎನ್ನುವಳು ಮಗಳು, ಇನ್ನೊಂದು ಸುತ್ತು ಹಾಕುತ್ತ.

ಡಿಗ್ರಿ ಮುಗಿಸಿದ ಮೇಲೆ ಅವಳಿಗೆ ವಿಜಯಪುರದ ಒಂದು ಸೊಸೈಟಿಯಲ್ಲಿ ಕುರ್ಚಿ, ಮೇಜು, ತಲೆಯ ಮೇಲೊಂದು ಫ್ಯಾನು ಇರುವ ಕೆಲಸ ಸಿಕ್ಕಿತ್ತು. ದ್ರಾಕ್ಷಿ ತೋಟಗಳಲ್ಲಿ ಔಷಧಿ ಹೊಡೆದೇ ಮನೆ ನಡೆಸಿದ ತಂದೆ ಧೂಳಪ್ಪ ಅದನ್ನು ಓಣಿಗೆಲ್ಲ ಹೇಳಿಕೊಂಡು ಬಂದಿದ್ದ. ಮಗಳು ಮಳೆಗಾಲ ಮುಗಿಯುವುದರೊಳಗೆ ಅದನ್ನು ಬಿಟ್ಟಳು. ಯಾಕೆಂದು ಕೇಳಿದರೆ, "ಕುಂತ ಕುಂತ ಕಾಲು ಉರಿತಾವಪ್ಪ," ಎಂದಳು. ಧೂಳಪ್ಪ ಬಹಳ ದಿನ ಅವಳ ಮುಖ ನೋಡಿ ಮಾತಾಡಲಿಲ್ಲ. ಆಮೇಲೆ ತಿಕೋಟಾದಲ್ಲೇ ಮನೆಮನೆಗೆ ಹೋಗಿ ವಿದ್ಯುತ್ ಮೀಟರು ನೋಡಿ ಬಿಲ್ಲು ಕೊಡುವ ಕೆಲಸ ಸಿಕ್ಕಿತು. ಅದು ಒಗ್ಗಿತು. ಕೊರಳಲ್ಲಿ ಬಿಲ್ಲಿನ ಯಂತ್ರ ತೂಗಹಾಕಿಕೊಂಡು ಬೆಳಿಗ್ಗೆ ಹೊರಟರೆ ಬಿಸಿಲು ಏರುವ ಹೊತ್ತಿಗೆ ಅರ್ಧ ಊರು ಮುಗಿದಿರುತ್ತಿತ್ತು. ಅಂಗಡಿಯವರು ಅವಳ ಹಿಂದೆ ಓಡಿ ಬಿಲ್ಲು ಇಸಿದುಕೊಳ್ಳಬೇಕಾಗುತ್ತಿತ್ತು.

ಅವಳ ಇನ್ನೊಂದು ಕೆಲಸ ಊರಿನಲ್ಲಿ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಕಿಕ್‌ಬಾಕ್ಸಿಂಗ್ ಪಂದ್ಯಗಳಲ್ಲಿ ಅವಳು ರೆಫ್ರಿ. ಬಿಳಿ ಅಂಗಿ, ಕರಿ ಪ್ಯಾಂಟು ತೊಟ್ಟು, ಹೊಡೆದಾಡುವ ಇಬ್ಬರ ನಡುವೆ ಸುಳಿದಾಡುವ ಕೆಲಸ.

ಅದಕ್ಕೆ ಕಾರಣ ದಾದಾಸಾಬ. ಮಿಲಿಟರಿಯಲ್ಲಿದ್ದಾಗ ಬಾಕ್ಸಿಂಗ್ ಆಡಿದವರು. ಮೂಗು ಒಂದು ಕಡೆಗೆ ವಾಲಿತ್ತು. ನಿವೃತ್ತರಾಗಿ ಬಂದು ವಿಜಯಪುರದ ಜೋರಾಪುರ ಪೇಟೆಯಲ್ಲಿ ಹಳೆಯದೊಂದು ಜೋಳದ ಗೋದಾಮು ಬಾಡಿಗೆ ಹಿಡಿದು ಹುಡುಗರಿಗೆ ಕಲಿಸುತ್ತಿದ್ದರು. ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದರು. ಕಾಲೇಜಿನ ಗೆಳತಿಯೊಬ್ಬಳ ಜೊತೆ ಸುಮ್ಮನೆ ನೋಡಲು ಹೋಗಿದ್ದ ಆಮ್ರಪಾಲಿ, ಗೋಡೆಗೆ ಒರಗಿ ನಿಲ್ಲಲಾಗದೆ ಅತ್ತಿತ್ತ ಕಾಲು ಬದಲಿಸುತ್ತಿದ್ದಾಗ ಅವರ ಕಣ್ಣಿಗೆ ಬಿದ್ದಳು.

"ಬೇಟಿ, ಕಾಲಾಗ ಏನ ಇರಿವಿ ಹೊಕ್ಕಾವೇನು? ಬಾ ಇಲ್ಲಿ," ಎಂದರು.

ಗ್ಲೌಸ್ ಸಿಗುತ್ತದೆಂದು ಅವಳು ಕೈ ಚಾಚಿದಳು. ಅವರು ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದರು. "ಕೈ ಆಮ್ಯಾಲ. ಮೊದಲ ನಿಂದ್ರೂದು ಕಲಿ."

ಎಡಗಾಲು ಮುಂದೆ, ಬಲಗಾಲು ಹಿಂದೆ ಓರೆಯಾಗಿ, ನಡುವೆ ಭುಜದಗಲದ ಅಂತರ. ಹಿಂದಿನ ಹಿಮ್ಮಡಿ ನೆಲಕ್ಕೆ ತಾಗಿಯೂ ತಾಗದಂತೆ. ಎಡಕ್ಕೆ ಹೋಗಬೇಕಾದರೆ ಎಡಗಾಲು ಮೊದಲು ಹೋಗಬೇಕು, ಬಲಗಾಲು ನೆಲ ಸವರುತ್ತ ಹಿಂಬಾಲಿಸಬೇಕು. ಬಲಕ್ಕಾದರೆ ಬಲಗಾಲು ಮೊದಲು. ಎರಡು ಕಾಲು ಎಂದೂ ಕೂಡಬಾರದು, ಒಂದನ್ನೊಂದು ದಾಟಬಾರದು. ದಾಟಿದ ಗಳಿಗೆಯಲ್ಲಿ ಸಣ್ಣ ಹುಡುಗ ನೂಕಿದರೂ ಮನುಷ್ಯ ಬೀಳುತ್ತಾನೆ. ಇದನ್ನೇ ಅವರು ತಿಂಗಳುಗಟ್ಟಲೆ ಮಾಡಿಸಿದರು. ಉಳಿದವರು ಬೇಸತ್ತು ತೂಗುಬಿಟ್ಟ ಮೂಟೆ ಗುದ್ದಲು ಹೋದರೆ ಆಮ್ರಪಾಲಿ ಗೆರೆಯ ಮೇಲೆಯೇ ಇರುತ್ತಿದ್ದಳು. ಮನೆಯಲ್ಲಿ ಬೈಸಿಕೊಳ್ಳುತ್ತಿದ್ದ ಚಡಪಡಿಕೆಗೆ ಅಲ್ಲೊಂದು ದಾರಿ ಸಿಕ್ಕಿತ್ತು.

ಆದರೆ ಅವಳ ಹೊಡೆತದಲ್ಲಿ ತೂಕವಿರಲಿಲ್ಲ. ಆಡಿದ ಪಂದ್ಯಗಳಲ್ಲೆಲ್ಲ ಎದುರಾಳಿಗೆ ಸಿಗದೆ ತಪ್ಪಿಸಿಕೊಳ್ಳುತ್ತಿದ್ದಳು, ಅಂಕಗಳಲ್ಲಿ ಸೋಲುತ್ತಿದ್ದಳು. ಉಸ್ತಾದ್ ಮುಚ್ಚುಮರೆ ಮಾಡಲಿಲ್ಲ. "ನಿನ್ನ ಹೊಡಿಯಾಕ ಯಾರಿಗೂ ಬರಂಗಿಲ್ಲ. ಹೊಡಿಯಾಕ ನಿನಗೂ ಬರಂಗಿಲ್ಲ. ಏನ ಮಾಡೂದು ಹೇಳು?"

ಒಂದು ಸಲ ಶಾಲಾ ಮಕ್ಕಳ ಪಂದ್ಯದಲ್ಲಿ ರೆಫ್ರಿಗೆ ಜ್ವರ ಬಂದು, ಬೇರೆ ಯಾರೂ ಇಲ್ಲದೆ, ಅವರೇ ಅವಳನ್ನು ರಿಂಗಿಗೆ ಹತ್ತಿಸಿದರು. ಮೊದಲ ಗಂಟೆ ಬಾರಿಸಿದ್ದೇ ಅವಳಿಗೆ ಮೈ ಹಗುರಾಯಿತು. ಇಲ್ಲಿ ಹೊಡೆಯುವ ಹಂಗಿಲ್ಲ. ಇಬ್ಬರೂ ಸದಾ ಕಣ್ಣಳತೆಯಲ್ಲಿರಬೇಕು, ಯಾರಿಗೂ ಬೆನ್ನು ಕೊಡಬಾರದು, ಅವರ ದಾರಿಗೆ ಅಡ್ಡ ಬರಬಾರದು, ಬೇಕಾದ ಕ್ಷಣಕ್ಕೆ ಒಂದೇ ಹೆಜ್ಜೆಯಲ್ಲಿ ನಡುವೆ ಇರಬೇಕು. ಕೆಳಗಿಳಿದಾಗ ಉಸ್ತಾದ್ ತಲೆಯ ಮೇಲೆ ಕೈ ಇಟ್ಟರು. ಆಮೇಲೆ ಅವಳು ಹುಬ್ಬಳ್ಳಿಗೆ ಹೋಗಿ ರೆಫ್ರಿ ತರಬೇತಿ ಮುಗಿಸಿ ಬಂದಳು. ಸುತ್ತಮುತ್ತ ಎಲ್ಲಿ ಪಂದ್ಯವಿದ್ದರೂ ಅವಳಿಗೆ ಕರೆ ಬರತೊಡಗಿತು.

ಕಳೆದ ವರ್ಷ ಚಳಿಗಾಲದಲ್ಲಿ ಬಬಲೇಶ್ವರದಲ್ಲಿ ಜಿಲ್ಲಾ ಮಟ್ಟದ ಪಂದ್ಯ ನಡೆಯಿತು. ಮೈದಾನದಲ್ಲಿ ಶಾಮಿಯಾನ ಹಾಕಿ ರಿಂಗ್ ಕಟ್ಟಿದ್ದರು. ಗೆದ್ದವರು ರಾಜ್ಯ ತಂಡಕ್ಕೆ ಹೋಗುವವರಿದ್ದರು. ಮಧ್ಯಾಹ್ನದ ಮೇಲೆ ನಡೆದ ಒಂದು ಫೈನಲ್ಲಿಗೆ ಆಮ್ರಪಾಲಿಯೇ ರೆಫ್ರಿ. ಒಂದು ಕಡೆ ಜೋರಾಪುರ ಪೇಟೆಯ ಕಿರಾಣಿ ವ್ಯಾಪಾರಿ ಬಸಲಿಂಗಯ್ಯನವರ ಮಗ ಸಂಗು. ಅವನಿಗೆ ಕಲಿಸಿದವರೂ ಅವನ ಮೂಲೆಯಲ್ಲಿ ನಿಂತವರೂ ಉಸ್ತಾದ್ ದಾದಾಸಾಬ. ಇನ್ನೊಂದು ಕಡೆ ಇಟ್ಟಂಗಿಹಾಳದ ಸೋಮು.

ಸಂಗು ಎತ್ತರದ ಹುಡುಗ, ಕೈ ಬಹಳ ಚುರುಕು. ಆದರೆ ಮೈಯ ಭಾರವನ್ನೆಲ್ಲ ಮುಂಗಾಲಿನ ಮೇಲೆ ಹಾಕಿ ನಿಲ್ಲುತ್ತಿದ್ದ. ಬರೀ ಬಾಕ್ಸಿಂಗಿನಲ್ಲಿ ಅದು ನಡೆದೀತು. ಕಿಕ್‌ಬಾಕ್ಸಿಂಗಿನಲ್ಲಿ ತೊಡೆಗೆ ಒದೆ ಬರುತ್ತದೆ. ಬಂದಾಗ ಮುಂದಿನ ಕಾಲನ್ನು ಥಟ್ಟನೆ ಎತ್ತಿ ಮೊಣಕಾಲ ಕೆಳಗಿನ ಎಲುಬಿನಲ್ಲಿ ಅದನ್ನು ತಡೆಯಬೇಕು. ಭಾರ ಹೊತ್ತ ಕಾಲು ಥಟ್ಟನೆ ಏಳುವುದಿಲ್ಲ. ಕುಳ್ಳಗೆ ಗಟ್ಟಿಯಾಗಿದ್ದ ಸೋಮು ಅದನ್ನು ಕಂಡುಕೊಂಡಿದ್ದ. ಮುಖಕ್ಕೆ ನಾಲ್ಕು ಗುದ್ದು ತಿಂದರೂ ಸರಿ, ಸಂಗುವಿನ ಎಡ ತೊಡೆಗೆ ಒಂದು ಒದೆ ಕೊಟ್ಟೇ ಹಿಂದೆ ಸರಿಯುತ್ತಿದ್ದ.

ಅಂಕ ಸಂಗುವಿನ ಕಡೆಗೇ ಇತ್ತು. ಜನ ಅವನ ಹೆಸರು ಕೂಗುತ್ತಿದ್ದರು. ಆಮ್ರಪಾಲಿ ಮಾತ್ರ ಅವನ ಕಾಲು ನೋಡುತ್ತಿದ್ದಳು. ಮೊದಲ ರೌಂಡಿನಲ್ಲಿ ಕುಣಿಯುತ್ತಿದ್ದ ಹಿಮ್ಮಡಿ ಎರಡನೆಯದರಲ್ಲಿ ನೆಲಕ್ಕೆ ಕೂತಿತ್ತು. ಓರೆಯಾಗಿ ಸರಿಯುವುದನ್ನು ಬಿಟ್ಟು ಅವನು ನೇರ ಹಿಂದಕ್ಕೆ ಹೋಗುತ್ತಿದ್ದ, ಹಗ್ಗಕ್ಕೆ ಬೆನ್ನು ತಾಗುವವರೆಗೆ. ಕೊನೆಯ ರೌಂಡು ಮುಗಿಯಲು ಬಂದಾಗ ಸೋಮುವಿನ ಒಂದು ಗುದ್ದು ಅವನ ಕಿವಿಯ ಮೇಲ್ಭಾಗಕ್ಕೆ ಬಿತ್ತು. ದೊಡ್ಡ ಗುದ್ದೇನಲ್ಲ. ಆದರೆ ಸಂಗುವಿನ ಎಡಗಾಲು ಬಲಗಾಲನ್ನು ದಾಟಿತು. ಆಮೇಲೆ ಎರಡೂ ಪಾದ ಒಂದರ ಪಕ್ಕ ಒಂದು ಬಂದು ನಿಂತವು, ಬಸ್ಸಿಗೆ ಕಾಯುತ್ತ ನಿಂತವನ ಹಾಗೆ. ಕೈ ಇನ್ನೂ ಮುಖದ ಮುಂದೆಯೇ ಇತ್ತು. ಸೋಮು ಬಲಗೈ ಹಿಂದೆ ಎಳೆದ.

ಆಮ್ರಪಾಲಿ ನಡುವೆ ನುಗ್ಗಿದಳು. ಸಂಗುವನ್ನು ತೋಳಿನಿಂದ ತಬ್ಬಿ ಇನ್ನೊಂದು ಕೈ ಬೀಸಿದಳು. "ಸ್ಟಾಪ್."

ಪಂದ್ಯ ಮುಗಿಯಿತು. ರೆಫ್ರಿ ಹಾಗೆ ಕಾಯ್ದು ನಿಲ್ಲಿಸಿದರೆ ಅಂಕ ಲೆಕ್ಕಕ್ಕಿಲ್ಲ, ಗೆದ್ದವನು ಸೋಮು.

ಒಂದು ಕ್ಷಣ ಶಾಮಿಯಾನದ ಕೆಳಗೆ ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ತಿಳಿದ ಮೇಲೆ ನೀರಿನ ಬಾಟಲಿಗಳು ರಿಂಗಿನೊಳಗೆ ಬೀಳತೊಡಗಿದವು. ಬಸಲಿಂಗಯ್ಯನವರು ಕುರ್ಚಿ ಸರಿಸಿ ಎದ್ದು ಬಂದರು. "ನನ್ನ ಮಗ ಬಿದ್ದಾನೇನು? ನಿಂತಾನ, ನೋಡ್ರಿ. ನಿಂತವನ್ನ ಸೋಲಸ್ತೀರೇನು?" ಸಂಗು ತಾನೇ ಅವಳ ತೋಳನ್ನು ಕೊಡವಿ, "ನನಗೇನ ಆಗೇತಿ? ಏನ ಆಗೇತ್ರಿ?" ಎಂದು ಕೇಳುತ್ತಲೇ ಇದ್ದ. ಅಲ್ಲಿದ್ದ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಈಗ ಏನೂ ಕಾಣುವುದಿಲ್ಲ, ಕೆಲವು ದಿನ ವಿಶ್ರಾಂತಿ ತಗೊಳ್ಳಲಿ ಎಂದರು. ಆ ಮಾತು ಯಾರ ಕಡೆಗೂ ಆಗಲಿಲ್ಲ.

ದಾದಾಸಾಬ ಬೈಯಲಿಲ್ಲ. ಟವೆಲನ್ನು ಮಡಿಚಿ ಹೆಗಲಿಗೆ ಹಾಕಿಕೊಂಡು ಅವಳ ಎದುರು ಬಂದು ನಿಂತರು.

"ಅಂವಾ ಗೆದ್ದಿದ್ದ, ಬೇಟಿ."

"ಅವನ ಕಾಲು ನೋಡಿದ್ರೇನ್ರಿ ಉಸ್ತಾದ್?"

"ಕಾಲು ನೋಡೂದು ನಿನಗ ಕಲಿಸಿದಾಂವ ನಾನು," ಎಂದು ಇಳಿದು ಹೋದರು.

ಅಂದಿನಿಂದ ಆಮ್ರಪಾಲಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮೊದಲಾದರೆ ಅವಳ ಅಡ್ಡಾಟಕ್ಕೆ ಒಂದು ಲಯವಿತ್ತು. ಈಗ ಒಂದು ಬಾಗಿಲಿಗೆ ಹೋಗಿ ಅಲ್ಲಿಗೆ ಯಾಕೆ ಬಂದೆನೆಂದು ಮರೆತು ತಿರುಗುವಳು. ಪಂದ್ಯದ ಕೊನೆಯ ತುಣುಕನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಹಂಚಿದ್ದರು. ಅದರ ಕೆಳಗೆ ಜನ ಬರೆದದ್ದನ್ನು ಓದಬಾರದೆಂದುಕೊಂಡೇ ಓದಿದಳು. ಹೆಣ್ಣುಮಗಳಿಗೆ ರಿಂಗಿನಲ್ಲಿ ಏನು ಕೆಲಸ ಎಂದವರಿದ್ದರು. ಸೋಮುವಿನ ಕಡೆಯವರು ರೊಕ್ಕ ತಿನ್ನಿಸಿದ್ದಾರೆ ಎಂದವರಿದ್ದರು. ಅವಳ ಜಾತಿ ಕೇಳಿದವರೂ ಇದ್ದರು. ಸುದ್ದಿ ತಿಕೋಟಾಕ್ಕೂ ಬಂತು. ಬಿಲ್ಲು ಕೊಡಲು ಹೋದಾಗ ಒಣದ್ರಾಕ್ಷಿ ವ್ಯಾಪಾರಿಯೊಬ್ಬ ನಗುತ್ತ, "ಅವ್ವಾ, ನಮ್ಮ ಮೀಟರನೂ ಹಂಗ ನಡುವ ನಿಲ್ಲಸ್ತಿ ಏನು, ಪುಣ್ಯಾ ಬರತೈತಿ," ಎಂದ. ಅವಳೂ ನಕ್ಕಳು. ಆದರೆ ಮುಂದಿನ ಮೂರು ಮನೆಗಳ ಮೀಟರು ತಪ್ಪಾಗಿ ಓದಿ ಮತ್ತೆ ಹಿಂದೆ ಬರಬೇಕಾಯಿತು.

ಬೈಗುಳಕ್ಕಿಂತ ಹೆಚ್ಚಾಗಿ ಕಾಡಿದ್ದು ಇನ್ನೊಂದು. ಆ ತುಣುಕನ್ನು ನಿಧಾನವಾಗಿ ಓಡಿಸಿ ನೋಡುವಾಗ ಅವಳಿಗೆ ಕ್ಯಾನ್ವಾಸಿನ ಮೇಲೆ ಒಂದು ಕಪ್ಪು ಕಲೆ ಕಂಡಿತು. ರೌಂಡುಗಳ ನಡುವೆ ಸಂಗುವಿನ ಮೂಲೆಯಲ್ಲಿ ಚೆಲ್ಲಿದ ನೀರು. ಅವನ ಕಾಲು ದಾಟಿದ್ದು ಅದರ ಮೇಲೆಯೇ. ಹಾಗಾದರೆ ತಲೆ ಸುತ್ತಿ ಕಾಲು ತೊಡರಿತೋ, ಬರೀ ನೀರಿಗೆ ಜಾರಿತೋ? ಜಾರಿದ್ದಾದರೆ ಅವಳು ಗೆಲ್ಲುವ ಹುಡುಗನನ್ನು ಸೋಲಿಸಿದ್ದಳು. ನೀರು ಒರೆಸಿದ್ದಾರೋ ಇಲ್ಲವೋ ನೋಡಿಕೊಳ್ಳಬೇಕಾದವಳೂ ರೆಫ್ರಿಯೇ. ಎಷ್ಟು ಸಲ ನೋಡಿದರೂ ಒಮ್ಮೆ ಹಾಗೆ, ಒಮ್ಮೆ ಹೀಗೆ ಕಾಣುತ್ತಿತ್ತು.

"ಆ ಹುಡುಗನ ಮನಿಗಿ ಹೋಗಿ ಕೇಳಿಬಿಡು," ಎಂದಳು ಸತ್ಯವ್ವ ಒಂದು ಬೆಳಿಗ್ಗೆ. ಅವಳು ಒಣದ್ರಾಕ್ಷಿ ಆರಿಸುವ ಕೆಲಸಕ್ಕೆ ಹೊರಟು ನಿಂತಿದ್ದಳು. "ಹಿಂಗ ಮನಿತುಂಬ ತಿರಗಿದ್ರ ನೆಲಾ ಸವಿತೈತಿ, ಉತ್ತರ ಬರಂಗಿಲ್ಲ."

ಮುಂದಿನ ಭಾನುವಾರ ಆಮ್ರಪಾಲಿ ವಿಜಯಪುರದ ಬಸ್ಸು ಹಿಡಿದಳು. ಜೋರಾಪುರ ಪೇಟೆಯಲ್ಲಿ ಬಸಲಿಂಗಯ್ಯನವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲು ಬಡಿಯುವುದು ಕಷ್ಟವಾಯಿತು. ಓಣಿಯನ್ನು ಸುತ್ತು ಹಾಕಿ ಮತ್ತೆ ಅಲ್ಲಿಗೇ ಬಂದಳು. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಹೆಂಗಸು ತಲೆ ಎತ್ತಿ, "ಯಾರ ಮನಿ ಬೇಕಾಗಿತ್ತವ್ವ? ಆವಾಗಿಂದ ಅಡ್ಡಾಡಾಕತ್ತಿ," ಎಂದು ಕೇಳಿದಳು. ಅವಳೇ ಸಂಗುವಿನ ತಾಯಿ ಮುರಿಗೆವ್ವ.

ಹೆಸರು ಹೇಳಿದಾಗ ಮುರಿಗೆವ್ವನ ಕೈ ಮೊರದ ಮೇಲೆ ನಿಂತಿತು. ಆಮೇಲೆ ಸೆರಗು ಕೊಡವಿಕೊಂಡು ಎದ್ದಳು. "ಒಳಗ ಬಾ. ಮನಿಯವ್ರು ಅಂಗಡ್ಯಾಗ ಅದಾರ, ಛಲೋ ಆತು."

ಚಹಾ ಬಂತು. ಆಮ್ರಪಾಲಿ ನಿಂತೇ ಕುಡಿದಳು.

"ಆಮ್ಯಾಲ ಅಂವಗ ತಲಿ ನೋವು, ವಾಂತಿ ಏನರ ಆಗಿತ್ತೇನ್ರಿ ಅವ್ವಾರ?"

"ಎರಡ ದಿನಾ ಎದ್ದಿಲ್ಲ. ಮಲಗೇ ಇದ್ದ. ಆದ್ರ ಪರೀಕ್ಷಾದಾಗ ನಪಾಸ ಆದಾಗೂ ಹಂಗ ಮಲಗಿದ್ದ," ಎಂದಳು ಮುರಿಗೆವ್ವ. "ನಾ ಆ ಆಟಾ ನೋಡಾಕ ಬಂದಿಲ್ಲವ್ವ. ನನಗ ನೋಡಾಕ ಆಗಂಗಿಲ್ಲ. ಮಗಾ ಮನಿಗಿ ನಡಕೊಂತ ಬಂದ, ನನಗ ಅಷ್ಟ ಸಾಕು. ಅಂವಗ ಸಾಕಾಗಿಲ್ಲ. ಮ್ಯಾಲ ಅದಾನ, ಹೋಗಿ ಕೇಳು."

ಸಂಗು ಮಾಳಿಗೆಯ ಮೇಲೆ ಹಗ್ಗ ಜಿಗಿಯುತ್ತಿದ್ದ. ಅವಳನ್ನು ಕಂಡು ನಿಲ್ಲಿಸಲಿಲ್ಲ. ಅವಳು ಪ್ಯಾರಾಪೆಟ್ ಗೋಡೆಯ ಉದ್ದಕ್ಕೂ ನಡೆಯುತ್ತ ಕಾದಳು. ಕೊನೆಗೆ ಅವನೇ ಹಗ್ಗ ಕೆಳಗೆ ಹಾಕಿದ.

"ಕ್ಷಮಾ ಕೇಳಾಕ ಬಂದೀರೇನ್ರಿ?"

"ಇಲ್ಲ. ಒಂದ ಮಾತ ಕೇಳಾಕ ಬಂದೇನಿ. ನಿನ್ನ ಎಡಗಾಲು ತೊಡರಿತಲ್ಲ, ಅದು ನೀರಿಗಿ ಜಾರಿದ್ದೋ, ಏನು?"

"ನೀರಿಗಿ ಜಾರಿತ್ರಿ ಅಕ್ಕಾರ."

"ಖರೇನು?"

ಸಂಗು ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ. "ಖರೇನ ಇರಬೇಕ್ರಿ. ಎಲ್ಲಾರೂ ಹಂಗ ಅಂತಾರ. ನನಗ ನೆನಪ ಇದ್ದದ್ದು ನೀವು ನನ್ನ ಹಿಡಕೊಂಡದ್ದು. ಅದಕ್ಕಿಂತ ಮೊದಲಿಂದು ಸರಿಯಾಗಿ..." ಎಂದು ಅಲ್ಲಿಗೇ ಬಿಟ್ಟ. ಮತ್ತೆ ತಾನೇ ಗಟ್ಟಿ ದನಿಯಲ್ಲಿ, "ಸಿಟ್ಟ ಬಂದಾಗ ಯಾರಿಗೂ ನೆನಪ ಇರಂಗಿಲ್ಲ," ಎಂದ.

ಉತ್ತರ ಸಿಕ್ಕಿತೆಂದೂ ಅನ್ನಲಾಗದು, ಸಿಗಲಿಲ್ಲವೆಂದೂ ಅನ್ನಲಾಗದು. ಆಮ್ರಪಾಲಿ ಮೆಟ್ಟಿಲ ಕಡೆ ತಿರುಗಿದವಳು ನಿಂತು, "ನೀ ನಿಂದ್ರೂದು ಹೆಂಗ, ಒಮ್ಮೆ ತೋರಸು," ಎಂದಳು.

ಅವನು ತೋರಿಸಿದ. ಅವಳು ಹತ್ತಿರ ಹೋಗಿ ಅವನ ಎಡ ತೊಡೆಗೆ ತನ್ನ ಪಾದದ ತುದಿಯನ್ನು ಮೆಲ್ಲಗೆ ತಾಗಿಸಿದಳು. "ಎತ್ತು." ಅವನು ಮೊದಲು ಮೈ ಹಿಂದಕ್ಕೆ ವಾಲಿಸಿ, ಆಮೇಲೆ ಕಾಲು ಎತ್ತಿದ. ಅವಳು ಆ ಹೊತ್ತಿಗೆ ಮತ್ತೊಮ್ಮೆ ತಾಗಿಸಿದ್ದಳು.

"ಸೋಮು ನಿನ್ನ ಕೈಗಿ ಹೆದರಲಿಲ್ಲ, ಯಾಕ ಗೊತ್ತೇನು? ನಿನ್ನ ಕಾಲು ನೆಲಕ್ಕ ಮೊಳಿ ಹೊಡದಂಗ ಇತ್ತು. ಭಾರ ನಡುವ ಇಡು. ಮುಂದಿನ ಕಾಲು ಯಾವಾಗ ಬೇಕಾದ್ರೂ ಏಳಬೇಕು. ಅಂವಾ ನುಗ್ಗಿದ್ರ ಹಿಂದಕ್ಕ ಹೋಗಬ್ಯಾಡ. ಮುಂದಿನ ಪಾದದ ತುದಿ ಮ್ಯಾಲ ತಿರಗು, ಬಾಗಲಾ ತಿರಗಿದಂಗ. ಅಂವಾ ನುಗ್ಗಿದಲ್ಲಿ ನೀ ಇರಬಾರದು."

ಬಿಸಿಲು ನೆತ್ತಿಗೆ ಬರುವವರೆಗೆ ಇಬ್ಬರೂ ಮಾಳಿಗೆಯ ಮೇಲೆ ತಿರುಗಿದರು. ಬಸಲಿಂಗಯ್ಯನವರು ಊಟಕ್ಕೆ ಬರುವ ಹೊತ್ತಾಯಿತೆಂದು ಮುರಿಗೆವ್ವ ಕೆಳಗಿನಿಂದ ಕೂಗಿದಾಗಲೇ ಅವಳು ಇಳಿದದ್ದು.

"ಉಸ್ತಾದ್ರಿಗಿ ನಾ ಹೇಳಂಗಿಲ್ರಿ, ಮತ್ತ ಬರ್ರಿ," ಎಂದ ಸಂಗು.

"ನಿಮ್ಮ ಮನಿಗಿ ಕದ್ದ ಬರಾಕ ನನಗ ಆಗಂಗಿಲ್ಲ. ಕಲಿಯೂದಿದ್ರ ನೀನ ತಿಕೋಟಾಕ್ಕ ಬಾ."

ತಿಕೋಟಾದಲ್ಲಿ ಒಂದು ಜಾಗ ಅವಳ ಕಣ್ಣಿನಲ್ಲಿತ್ತು. ಸತ್ಯವ್ವ ದುಡಿಯುತ್ತಿದ್ದ ದ್ರಾಕ್ಷಿ ಒಣಗಿಸುವ ಶೆಡ್ಡು ಬೇಸಿಗೆ ಮುಗಿದ ಮೇಲೆ ಖಾಲಿ ಬೀಳುತ್ತದೆ. ಸುತ್ತ ಹಸಿರು ಬಲೆ, ಮೇಲೆ ಸೂರು, ಬಲೆಯ ಹಂದರಗಳ ನಡುವೆ ಉದ್ದನೆಯ ಹಾದಿ, ಕೆಳಗೆ ಗಟ್ಟಿ ನೆಲ. ಮಾಲೀಕರು ಸತ್ಯವ್ವನ ಮಾತಿಗೆ ಒಪ್ಪಿದರು. ಮಳೆ ಶುರುವಾದ ಮೇಲೆ ಆಮ್ರಪಾಲಿ ಅಲ್ಲಿ ಬೆಳಗಿನ ಹೊತ್ತು ಕಲಿಸತೊಡಗಿದಳು. ಮೊದಲು ಬಂದವರು ಊರಿನ ನಾಲ್ಕಾರು ಹುಡುಗಿಯರು. ಸಂಗು ಭಾನುವಾರ ಬರುತ್ತಿದ್ದ, ಅಪ್ಪನಿಗೆ ಏನು ಹೇಳಿ ಬರುತ್ತಿದ್ದನೋ ಅವಳು ಕೇಳಲಿಲ್ಲ.

ರೆಫ್ರಿ ಕೆಲಸಕ್ಕೆ ಕರೆ ಬರುವುದು ನಿಂತಿತ್ತು. ಯಾರೂ ಬೇಡವೆಂದು ಹೇಳಲಿಲ್ಲ, ಕರೆಯಲೂ ಇಲ್ಲ. ಬೇರೆ ಊರುಗಳಲ್ಲಿ ಪಂದ್ಯ ನಡೆದ ಸುದ್ದಿ ಬಂದಾಗ ಅವಳು ಶೆಡ್ಡಿನಲ್ಲಿ ಒಬ್ಬಳೇ ಇಲ್ಲದ ಇಬ್ಬರ ಸುತ್ತ ಸುಳಿಯುವಳು, ಇಲ್ಲದವರ ನಡುವೆ ಕೈ ಹಾಕಿ ಬಿಡಿಸುವಳು. ಒಮ್ಮೆ ಸತ್ಯವ್ವ ಅದನ್ನು ಬಲೆಯ ಆಚೆಯಿಂದ ನೋಡಿದಳು. ಕರೆಯದೆ ಹಿಂದಿರುಗಿದಳು.

ಹುಡುಗಿಯರಲ್ಲಿ ಸೌಭಾಗ್ಯ ಎಂಬ ಕಾಲೇಜಿನವಳಿಗೆ ಮೊಬೈಲಿನಲ್ಲಿ ಕಂಡ ಪಂಜರದ ಕುಸ್ತಿಯ ಹುಚ್ಚು. ಗುದ್ದು, ಒದೆ, ಕುಸ್ತಿ ಮೂರೂ ಸೇರಿದ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್. "ಅಕ್ಕಾರ, ಅದರಾಗ ಹಿಂಗ ಕುಣಿದ್ರ ನಡೀತೈತೇನ್ರಿ?" ಎಂದು ಕೇಳಿದಳು. ಆಮ್ರಪಾಲಿ ಅವಳನ್ನು ನಿಲ್ಲಿಸಿ, ತಟಕ್ಕನೆ ಬಗ್ಗಿ ಮುಂಗಾಲು ಹಿಡಿದು ಎಳೆದಳು. ಸೌಭಾಗ್ಯ ಗೋಣಿಚೀಲಗಳ ಮೇಲೆ ಕುಂಡೆಯೂರಿ ಬಿದ್ದಳು. ಎಲ್ಲರೂ ನಕ್ಕರು. "ಅಲ್ಲಿ ಕಾಲು ಹಿಡಿಯಾಕ ಬರ್ತಾರ. ಅದಕ್ಕ ಇನ್ನೂ ಅಗಲ ನಿಂದ್ರಬೇಕು, ಮೊಣಕಾಲು ಬಗ್ಗಿರಬೇಕು, ಕೈ ಕೆಳಗ ಬರಾಕ ತಯಾರ ಇರಬೇಕು. ಅವರು ಬಗ್ಗಿದ್ರ ನಿನ್ನ ಕಾಲು ಎರಡೂ ಹಿಂದಕ್ಕ ಒಗದು ಅವರ ಬೆನ್ನಮ್ಯಾಲ ಭಾರ ಹಾಕಬೇಕು. ಸಣ್ಣ ಹೆಜ್ಜಿ ಇಡು. ದೊಡ್ಡ ಹೆಜ್ಜಿ ಇಟ್ಟಾಗ ಒಂದ ಕಾಲು ಗಾಳ್ಯಾಗ ಇರತೈತಿ, ಅದ ಅವರಿಗಿ ಬೇಕಾದದ್ದು."

ಆ ಮಳೆಗಾಲದ ಕೊನೆಯ ಭಾನುವಾರಗಳಲ್ಲಿ ಒಂದು ದಿನ ಶೆಡ್ಡಿನ ಬಾಗಿಲಲ್ಲಿ ದಾದಾಸಾಬ ನಿಂತಿದ್ದರು. ಬಸ್ಸಿಳಿದು ನಡೆದು ಬಂದಿದ್ದರು. ಪ್ಯಾಂಟಿನ ತುದಿಗೆ ಕೆಸರು. ಸಂಗು ಅವರನ್ನು ಕಂಡು ಹಗ್ಗ ಕೈಬಿಟ್ಟ. ಅವರು ಅವನ ಕಡೆ ನೋಡಲಿಲ್ಲ. ಹುಡುಗಿಯರ ಸಾಲಿನ ಹತ್ತಿರ ಹೋಗಿ, ತುದಿಯಲ್ಲಿದ್ದವಳ ಹಿಂದಿನ ಹಿಮ್ಮಡಿಯನ್ನು ಬಗ್ಗಿ ಎರಡು ಬೆರಳಿನಿಂದ ಎತ್ತಿದರು. "ಹಿಂಗ, ಬೇಟಿ." ಇನ್ನೊಬ್ಬಳ ಹತ್ತಿರ ಹೋದರು. ಹಾಗೆಯೇ ಬೆಳಗು ಕಳೆಯಿತು. ಎಲ್ಲರೂ ಹೋದ ಮೇಲೆ ಅವರು ಬೋರಲು ಹಾಕಿದ್ದ ಒಂದು ಕ್ರೇಟಿನ ಮೇಲೆ ಕುಳಿತರು. ಆಮ್ರಪಾಲಿ ಕೂಡಲಿಲ್ಲ.

"ಸಂಗೂನ ಕಾಲು ಸುಧಾರಿಸೇತಿ," ಎಂದರು.

"ಹೌದ್ರಿ."

"ಇಷ್ಟ ವರ್ಷ ನಾ ಯಾಕ ತಿದ್ದಲಿಲ್ಲ, ಕೇಳು. ಅಂವಾ ಗೆಲ್ಲತಿದ್ದ. ಗೆಲ್ಲೂ ಹುಡುಗನ್ನ ಯಾರು ತಿದ್ದತಾರ?" ಅವರು ಪ್ಯಾಂಟಿನ ಕೆಸರು ಕೆರೆಯತೊಡಗಿದರು. "ಆ ದಿನ ನನ್ನ ಕಣ್ಣು ಗಡಿಯಾರದ ಮ್ಯಾಲ ಇತ್ತು. ಕಾಲಿನ ಮ್ಯಾಲ ಇರಲಿಲ್ಲ. ಹಂಗಂತ ನೀ ಮಾಡಿದ್ದ ಖರೇ ಅಂತ ನಾ ಹೇಳಂಗಿಲ್ಲ. ನಾ ನೋಡಿಲ್ಲ. ನೋಡದ ಹೆಂಗ ಹೇಳ್ಲಿ?"

"ನನಗೂ ಗೊತ್ತಿಲ್ರಿ ಉಸ್ತಾದ್," ಎಂದಳು ಆಮ್ರಪಾಲಿ. ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ಅಲ್ಲಿ ನೀರಿತ್ತು. ನಾ ಒರಸಿಸಿಲ್ಲ."

ದಾದಾಸಾಬ ತಲೆ ಎತ್ತಿ ನೋಡಿದರು. "ನೀರ ಚೆಲ್ಲಿದಾಂವ ನಾನು." ಕೆಸರಿನ ಕೈ ಒರೆಸಿಕೊಂಡು, "ಇನ್ನೊಮ್ಮೆ ಹಂಗ ಕಾಲು ಕೂಡಿದ್ರ ಏನ ಮಾಡ್ತಿ?" ಎಂದು ಕೇಳಿದರು.

"ನಿಲ್ಲಸ್ತೇನ್ರಿ."

"ನಿಲ್ಲಸು," ಎಂದು ಎದ್ದರು. ಬಸ್ಸಿನವರೆಗೆ ಅವಳು ಜೊತೆಗೆ ಹೋದಳು. ದಾರಿಯಲ್ಲಿ ಅವರು ಆ ವರ್ಷದ ಮಳೆಯ ಬಗ್ಗೆ, ಗೋದಾಮಿನ ಸೋರುವ ತಗಡಿನ ಬಗ್ಗೆ ಮಾತಾಡಿದರು.

ಮುಂದಿನ ಪಂದ್ಯ ವಿಜಯಪುರದಲ್ಲೇ ನಡೆಯಿತು. ಸಂಘಟಕರಿಗೆ ದಾದಾಸಾಬರೇ ಹೇಳಿದ್ದರೆಂದು ಆಮ್ರಪಾಲಿಗೆ ಆಮೇಲೆ ತಿಳಿಯಿತು. ಕರೆ ಬಂದಾಗ ಅವಳು ಯಾರದೋ ಕಾಂಪೌಂಡಿನಲ್ಲಿ ಮೀಟರಿನ ಡಬ್ಬಿ ತೆರೆದು ನಿಂತಿದ್ದಳು. ಆಗಲಿ ಎಂದು ಹೇಳಿ ಫೋನಿಟ್ಟು, ಅದೇ ಮೀಟರನ್ನು ಎರಡು ಸಲ ಓದಿಕೊಂಡಳು. ಆ ದಿನ ಮನೆಯಲ್ಲಿ ಬಿಳಿ ಅಂಗಿಗೆ ಇಸ್ತ್ರಿ ಮಾಡಿದವನು ಧೂಳಪ್ಪ. ಏನೂ ಕೇಳದೆ ಮಾಡಿದ.

ಸಂಗುವಿನ ಪಂದ್ಯಕ್ಕೆ ಅವಳನ್ನು ಹಾಕಿರಲಿಲ್ಲ. ಅವಳು ಅಧಿಕಾರಿಗಳ ಬೆಂಚಿನ ಹಿಂದೆ ನಿಂತು ನೋಡಿದಳು. ಎದುರಾಳಿ ಬಾಗಲಕೋಟೆ ಕಡೆಯವನು, ಅನುಭವಸ್ಥ. ತೊಡೆಗೆ ಒದೆ ಬಂದಾಗಲೆಲ್ಲ ಸಂಗುವಿನ ಕಾಲು ಎದ್ದಿತು. ನುಗ್ಗಿ ಬಂದಾಗ ಅವನು ಪಾದದ ತುದಿಯ ಮೇಲೆ ಹೊರಳಿ ಪಕ್ಕಕ್ಕೆ ಬಂದು ಗುದ್ದಿದ, ಒಂದೆರಡು ಸಲ ಜನ ಎದ್ದು ನಿಂತರು. ಆದರೆ ಹೊಸದಾಗಿ ಕಲಿತ ಕಾಲಿನ ಮೇಲೆ ಗಮನವಿಟ್ಟವನಿಗೆ ಕೈ ತಡವಾಗುತ್ತಿತ್ತು. ಹಿಂದಿನಷ್ಟು ಗುದ್ದು ಬೀಳಲಿಲ್ಲ. ಅಂಕಗಳಲ್ಲಿ ಸೋತ. ಕೊನೆಯ ಗಂಟೆಯವರೆಗೂ ಅವನ ಹಿಮ್ಮಡಿ ಎದ್ದೇ ಇತ್ತು.

ಬಸಲಿಂಗಯ್ಯನವರು ಜನರನ್ನು ಸರಿಸುತ್ತ ತನ್ನ ಕಡೆಗೇ ಬರುವುದನ್ನು ಆಮ್ರಪಾಲಿ ಕಂಡಳು. ತನಗರಿವಿಲ್ಲದೆ ಒಂದು ಕಾಲು ಹಿಂದಿಟ್ಟು ನಿಂತಳು.

"ನೀವ ಅಂತಲ್ರಿ ಇವಂಗ ಕಾಲು ಕಲಿಸಿದವರು," ಎಂದರು ಅವರು. ದನಿಯಲ್ಲಿ ಸಿಟ್ಟಿತ್ತೋ ಇಲ್ಲವೋ ತಿಳಿಯಲಿಲ್ಲ. "ಮನ್ಯಾಗ ಅವರವ್ವ ಹೇಳಿದ್ಲು. ನನಗ ಹೇಳದ ತಿಂಗಳಗಟ್ಲೆ ನಡಿಸ್ಯಾರ."

"ಹೌದ್ರಿ."

"ಹೋದ ವರ್ಷ ಗೆಲ್ಲತಿದ್ದ, ನೀವು ಸೋಲಿಸಿದ್ರಿ. ಈ ವರ್ಷ ಕಲಿಸಿದ್ರಿ, ಸೋತ."

ಆಮ್ರಪಾಲಿ ಹಿಂದಿಟ್ಟ ಕಾಲನ್ನು ಮುಂದಕ್ಕೆ ತಂದು ನೇರ ನಿಂತಳು.

ಬಸಲಿಂಗಯ್ಯನವರು ರಿಂಗಿನ ಕಡೆ ತಿರುಗಿ ನೋಡಿದರು. ಸಂಗು ಎದುರಾಳಿಯನ್ನು ಅಪ್ಪಿಕೊಂಡು, ದಾದಾಸಾಬರ ಕೈಯಿಂದ ನೀರು ಕುಡಿದು, ಮೆಟ್ಟಿಲುಗಳನ್ನು ತಾನೇ ಇಳಿಯುತ್ತಿದ್ದ. ಹೋದ ವರ್ಷ ಅವನನ್ನು ಇಬ್ಬರು ಹಿಡಿದು ಇಳಿಸಿದ್ದರು.

"ಮೊಣಕಾಲ ಕೆಳಗ ಎಲುಬಿಗಿ ಭಾಳ ಪೆಟ್ಟ ಬಿದ್ದಾವ. ಏನ ಹಚ್ಚಬೇಕ್ರಿ?" ಎಂದು ಕೇಳಿದರು.

"ಮೊದಲ ಬರ್ಫ ಹಿಡೀರಿ. ತಿಕ್ಕಬ್ಯಾಡ್ರಿ. ನಾಳಿ ಮುಂಜಾನಿ ಬಾವು ಇಳಿದಿಲ್ಲಂದ್ರ ಡಾಕ್ಟರಿಗಿ ತೋರಸ್ರಿ."

"ಬರ್ಫ," ಎಂದು ಅವರು ತಮಗೆ ತಾವೇ ಹೇಳಿಕೊಂಡು, ಎಲ್ಲಿ ಸಿಗುತ್ತದೆಂದು ಸುತ್ತ ನೋಡುತ್ತ ಹೊರಟರು. ಐಸಿಟ್ಟುಕೊಂಡ ಕಬ್ಬಿನ ಹಾಲಿನ ಗಾಡಿಯೊಂದು ಗೇಟಿನ ಹತ್ತಿರವೇ ಇದೆ ಎಂದು ಅವಳು ಹಿಂದಿನಿಂದ ಕೂಗಿ ಹೇಳಿದಳು.

ಮೈಕಿನಲ್ಲಿ ಮುಂದಿನ ಪಂದ್ಯದ ಹೆಸರು ಕೂಗಿದರು. ಕೊನೆಗೆ ರೆಫ್ರಿಯ ಹೆಸರು. ಆಮ್ರಪಾಲಿ ಹಗ್ಗದ ನಡುವೆ ತೂರಿ ಒಳಗೆ ಹೋದಳು. ನಾಲ್ಕೂ ಮೂಲೆಗೆ ಹೋಗಿ ಬಗ್ಗಿ ಕ್ಯಾನ್ವಾಸನ್ನು ಅಂಗೈಯಿಂದ ಮುಟ್ಟಿ ನೋಡಿದಳು. ಒಂದು ಕಡೆ ಒದ್ದೆ ಇತ್ತು. ಒರೆಸಿರೆಂದು ಹೇಳಿ, ಒರೆಸುವವರೆಗೂ ಅಲ್ಲೇ ಕಾಲು ಬದಲಿಸುತ್ತ ನಿಂತು, ಆಮೇಲೆ ಇಬ್ಬರು ಹುಡುಗಿಯರನ್ನು ನಡುವಿಗೆ ಕರೆದಳು.